ಇನಾಸ ಕೇಳಿದ ಇಬ್ಬರು ಆಳುಗಳು

“ನಮ್ಮ ಮೂರು ಒಗಟು ಬಿಡಿಸಿದವನು ಒಂದೇ ಒಂದು ವರ ಕೇಳಬಹುದು, ರಾಜಕುಮಾರಿಯನ್ನೇ ಕೇಳಿದರೂ ಕೊಡುತ್ತೇವೆ. ತಪ್ಪಿದರೆ ತಲೆ ಹೋಗುತ್ತದೆ” ಎಂದು ಕೊಂಡಗಿರಿಯ ಅರಸ ಡಂಗುರ ಹೊಡೆಸಿದ. ಡಂಗುರದ ಬಾಲಕ್ಕೆ ಇನ್ನೊಂದು ಮಾತಿತ್ತು: ಹೊಳೆದಂಡೆಯ ಕುಷ್ಠರೋಗಿಗಳ ಆಶ್ರಮ ಅರಮನೆಯ ಉಪ್ಪರಿಗೆಯಿಂದ ಕಣ್ಣಿಗೆ ಬೀಳುವುದರಿಂದ ಹುಣ್ಣಿಮೆಯೊಳಗೆ ಅದನ್ನು ಸುಡತಕ್ಕದ್ದು.

ಮೊದಲ ಮಾತಿಗೆ ಊರೆಲ್ಲ ಬಾಯಿ ಚಪ್ಪರಿಸಿತು. ಎರಡನೆಯದನ್ನು ಕೇಳಿ ಎದ್ದು ಹೊರಟವನು ಇನಾಸ ಒಬ್ಬನೇ. ಆಶ್ರಮದಲ್ಲಿ ಗಂಜಿ ಬೇಯಿಸುವವನು ಅವನು. ಚರ್ಚಿನ ಮೆಟ್ಟಿಲ ಮೇಲೆ ಯಾರೋ ಕೂಸಾಗಿದ್ದಾಗಲೇ ಬಿಟ್ಟುಹೋದ ಅವನನ್ನು ಆಶ್ರಮ ನಡೆಸುವ ಪಾದ್ರಿಗಳು ಎತ್ತಿ ಸಾಕಿದ್ದರು. ಬೇರೆ ಮನೆ ಅವನಿಗಿರಲಿಲ್ಲ.

ಆಸ್ಥಾನದಲ್ಲಿ ಅವನ ಮುಂದೆ ಇಬ್ಬರಿದ್ದರು. ಅರಸ ಕೇಳಿದ: “ಒಂದೇ ಬಾಯಲ್ಲಿ ಹುಟ್ಟಿದ ಅಣ್ಣ ತಮ್ಮ. ಅಣ್ಣ ಅರಮನೆಗೆ ಹೋಗುತ್ತಾನೆ, ತಮ್ಮ ಕೇರಿಗೆ. ಯಾರು?”

ದಳವಾಯಿಯ ಮಗ ಮೀಸೆ ತಿರುವಿ, “ಹೊಗಳಿಕೆ, ಬೈಗುಳ” ಎಂದ.

“ಬೈಗುಳ ಅರಮನೆಗೂ ಬರುತ್ತದೆ, ನಾನು ಬೆನ್ನು ತಿರುಗಿಸಿದಾಗ. ಹಿಡಿಯಿರಿ ಇವನನ್ನು.”

ಜವಳಿ ವ್ಯಾಪಾರಿಯ ಮಗ ಬೆವರುತ್ತಾ, “ಊಟ, ಎಂಜಲು” ಎಂದ. “ಊಟ ಬಾಯಲ್ಲಿ ಹುಟ್ಟುತ್ತದೇನೋ?” ಎಂದು ಅರಸ ಅವನನ್ನೂ ಕಂಬಕ್ಕೆ ಕಟ್ಟಿಸಿದ.

ಇನಾಸನ ಸರದಿ ಬಂತು. ಅವನು ಹೇಳಿದ: “ಅಣ್ಣ ‘ನೀವು’, ತಮ್ಮ ‘ನೀನು’, ಮಹಾಸ್ವಾಮಿ. ನಮ್ಮ ಆಶ್ರಮದಲ್ಲಿ ಬೆರಳು ಉದುರಿದವರನ್ನೂ ‘ಊಟಕ್ಕೆ ಬನ್ನಿ’ ಅಂತಲೇ ಕರೀತೀವಿ. ಹೊರಗೆ ಬಂದಾಗಲೇ ತಮ್ಮ ಒಬ್ಬ ಇದಾನೆ ಅಂತ ನನಗೆ ಗೊತ್ತಾಗಿದ್ದು.”

ಅರಸ ಹುಬ್ಬೇರಿಸಿದ. “ಬಾಗಿದಷ್ಟೂ ಬೆಳೆಯುವುದು ಯಾವುದು?”

ಭತ್ತದ ತೆನೆ ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

“ತೆನೆ ಬೆಳೆದ ಮೇಲೆ ಬಾಗ್ತದೆ,” ಎಂದ ಇನಾಸ. “ಯೇಸುಸ್ವಾಮಿ ತಮ್ಮ ಶಿಷ್ಯರ ಕಾಲು ತೊಳೆದರು. ಅದರ ನೆನಪಿಗೆ ವರ್ಷಕ್ಕೊಮ್ಮೆ ನಮ್ಮ ಪಾದ್ರಿಗಳು ಮೊಣಕಾಲೂರಿ ರೋಗಿಗಳ ಕಾಲು ತೊಳೀತಾರೆ. ಬಾಗಿದಷ್ಟೂ ಬೆಳೆಯೋದು ದೊಡ್ಡತನ.”

“ಕೊನೆಯದು. ಬೆಲೆ ಕಟ್ಟಿದ ಕೂಡಲೇ ಬೆಲೆ ಕಳೆದುಕೊಳ್ಳುವುದು ಯಾವುದು?”

ಇನಾಸ ಕಂಬದ ಕಡೆ ನೋಡಿದ. ವ್ಯಾಪಾರಿಯ ಮಗ ಸದ್ದಿಲ್ಲದೆ ಅಳುತ್ತಿದ್ದ. “ಮನುಷ್ಯ. ಅವರಿಬ್ಬರ ತಲೆಗೂ ತಾವು ತಲಾ ಒಂದು ಒಗಟಿನ ಬೆಲೆ ಕಟ್ಟಿದ್ದೀರಿ.”

ಅರಸ ಮೂರು ಉತ್ತರವೂ ಸರಿಯೆಂದು ಒಪ್ಪಿದ, ಆದರೆ ಮುಖ ಗಂಟಿಕ್ಕಿಯೇ ಇತ್ತು. “ವರ ಒಂದೇ, ನೆನಪಿರಲಿ. ಆಶ್ರಮ ಬೇಕೋ, ಆ ಎರಡು ತಲೆ ಬೇಕೋ, ರಾಜಕುಮಾರಿ ಬೇಕೋ?”

ಮೂವತ್ತು ರೋಗಿಗಳು ಹೊಳೆದಂಡೆಯಲ್ಲಿ. ಇಬ್ಬರು ಇಲ್ಲಿ, ಕಣ್ಣೆದುರು. ಇನಾಸ ತಲೆ ತಗ್ಗಿಸಿ ಯೋಚಿಸಿದ.

“ಹುಣ್ಣು ತೊಳೆಯಲು ಆಳು ಸಾಲದು, ಸ್ವಾಮಿ. ಆ ಇಬ್ಬರನ್ನು ಬದುಕಿರುವಷ್ಟು ಕಾಲ ನಮ್ಮ ಆಶ್ರಮದ ಆಳುಗಳಾಗಿ ಕೊಡಿ.”

“ಕೊಟ್ಟೆ,” ಎಂದ ಅರಸ.

“ಆಶ್ರಮ ಸುಟ್ಟರೆ ಅವರು ದುಡಿಯೋದೆಲ್ಲಿ?”

ಮಂತ್ರಿ ಕೆಮ್ಮಿದ. ಅರಸ ಇನಾಸನನ್ನೇ ನೋಡಿ ನಕ್ಕುಬಿಟ್ಟ. ಆಡಿದ ಮಾತು ಆಡಿಯಾಗಿತ್ತು. ಆಶ್ರಮಕ್ಕೆ ಹೆಂಚಿನ ಮಾಡು ಹೊದಿಸಲು ಅಪ್ಪಣೆಯಾಯಿತು. ಒಗಟಿಗೆ ತಲೆ ತೆಗೆಯುವ ಪದ್ಧತಿ ಅಂದಿಗೆ ನಿಂತಿತು. ರಾಜಕುಮಾರಿಗೂ ನೆಮ್ಮದಿಯಾಯಿತು, ಅವಳ ಮನಸ್ಸನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ದಳವಾಯಿಯ ಮಗ ಮೊದಲ ದಿನ ಹುಣ್ಣು ನೋಡಿ ವಾಂತಿ ಮಾಡಿಕೊಂಡ. “ಎಲ್ಲರಿಗೂ ಹಿಂಗೇ ಆಗ್ತದೆ, ನಾಚಬೇಡಿ” ಎನ್ನುತ್ತಾ ಒಬ್ಬ ಮುದುಕಿ, ಬೆರಳಿಲ್ಲದ ಕೈಯಲ್ಲಿ, ಅವನ ತಲೆ ಹಿಡಿದುಕೊಂಡಳು.