ಮೂಡಣ ಬಾಗಿಲಿನ ಓಲೆಗಳು

ಏಳು ಕೆರೆಗಳಾಚೆ ಎತ್ತರದ ಕೋಟೆಯೊಳಗೆ ಒಂದು ರಾಜ್ಯವಿತ್ತು, ಕೇಳಿ ಮಕ್ಕಳೇ. ಅಲ್ಲಿ ಮನೆಗೊಂದು ತಾಳೆಯೋಲೆ. ಆ ಮನೆಯವರು ಯಾವ ಬಾಗಿಲಿಂದ ಕೋಟೆಗೆ ಬರಬೇಕೆಂದು ಅದರಲ್ಲಿ ಬರೆದಿರುತ್ತಿತ್ತು. ಅರಮನೆಯ ಓಲೆಮನೆಯಲ್ಲಿ ಅಂಥ ಓಲೆ ಒಂದು ಲಕ್ಷ!

ಒಂದು ಬೆಳಗ್ಗೆ ಮೂಡಣ ಬಾಗಿಲು ಧಡಾರನೆ ಕುಸಿಯಿತು. ಹೊಲಕ್ಕೆ ಹೋಗಿದ್ದ ಮೂಡಣದವರು ಹೊರಗೇ ಉಳಿದರು. ತೆಂಕಣ ಬಾಗಿಲಿಗೆ ಓಡಿದರೆ ಕಾವಲುಗಾರ, "ನಿಮ್ಮ ಓಲೆಯಲ್ಲಿ ತೆಂಕಣ ಅಂತಿಲ್ಲವಲ್ಲ!" ಎಂದ. ಓಲೆ ನೋಡದೆ ಬಿಟ್ಟರೆ ಶತ್ರುವೂ ನುಗ್ಗಿಯಾನೆಂಬ ಭಯ.

"ಓಲೆ ತಿದ್ದಿ!" ಎಂದ ರಾಜ.

ಓಲೆಮನೆಯ ಹಿರಿಯ ಬರಹಗಾರ ನಂಜರಸ ಕದ ಹಾಕಿಕೊಂಡ. "ಲಕ್ಷ ಓಲೆ, ಒಡೆಯಾ. ಆರು ತಿಂಗಳು ಬೇಕು. ಎಲ್ಲ ಮುಗಿಯುವ ತನಕ ಹೊರಗಿನವರು ಯಾರೂ ಕೋಟೆಯೊಳಗೆ ಬರಬಾರದು." ಕೆಲಸ ನಡೆಯುವಷ್ಟು ದಿನ ಅವನಿಗೆ ಅರಮನೆಯ ತುಪ್ಪದೂಟ!

ಮೊದಲ ದಿನ ಹುಲಿ ಕರು ಹೊತ್ತೊಯ್ದಿತು. ಎರಡನೆಯ ದಿನ ಎತ್ತು. ಮೂರನೆಯ ದಿನ ಜನರ ಬೆಂಕಿಯ ಹತ್ತಿರಕ್ಕೇ ಬಂತು!

ಓಲೆಮನೆ ಗುಡಿಸುವ ತಿಪ್ಪವ್ವನ ಮಗಳು ಎಳೆಗೂಸು ಎತ್ತಿಕೊಂಡು ಹೊರಗಿದ್ದಳು. ತಿಪ್ಪವ್ವ ಕಸದ ಓಲೆಚೂರು ನೋಡಿನೋಡಿ ತಾನೇ ಓದು ಕಲಿತವಳು. ಓದು ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ, ಕೇಳದ್ದು ಅವರ ತಪ್ಪು. ನಂಜರಸನ ಕೈಕೆಲಸ ಕಂಡು ಅವಳು ಹೌಹಾರಿದಳು. 'ತೆಂಕಣ' ಎಂದಿದ್ದ ಓಲೆಯನ್ನೂ ತೆಗೆದೆಸೆದು, ಹೊಸದರಲ್ಲಿ ಮತ್ತೆ 'ತೆಂಕಣ' ಎಂದೇ ಕೊರೆಯುತ್ತಿದ್ದ! ಒಂದೊಂದು ಓಲೆಗೂ, ಬೀದಿವಾರು, ಹೆಸರುವಾರು ಓಲೆ ಹುಡುಕಲೆಂದು ಪಟ್ಟಿ ಬರೆದಿಟ್ಟ ಏಳು ಸೂಚಿಕಟ್ಟು ಬಿಚ್ಚಿ ಕಟ್ಟುತ್ತಿದ್ದ!

"ಸ್ವಾಮಿ, ಮೂಡಣದವು ಮಾತ್ರ ತೆಗೆದರೆ ಸಾಲದೇ?"

"ಕಸಬರಿಗೆ ಹಿಡಿಯೋಳಿಗೆ ಓಲೆ ಮಾತು ಯಾಕೆ? ಹೋಗೇ!"

ತಿಪ್ಪವ್ವ ಹೋದಳು. "ಒಮ್ಮೆ ಬಂದು ನೋಡಿ, ಒಡೆಯಾ" ಎಂದು ರಾಜನನ್ನು ಬೇಡಿ, ತೆಂಕಣ ಬಾಗಿಲ ಕೋಟೆಗೋಡೆಯ ಮೇಲೆ ನಿಲ್ಲಿಸಿ ಓಲೆಮನೆಗೆ ಮರಳಿದಳು.

"ಸ್ವಾಮಿ, ನಿಮ್ಮ ಗಬ್ಬದ ಹಸುವೂ ಹೊರಗೇ ಇದೆಯಲ್ಲ?"

ನಂಜರಸ ಎದ್ದು ಓಡಿದ. ಹೊರಹೋಗುವವರನ್ನು ಯಾರೂ ತಡೆಯುವುದಿಲ್ಲ. ಹಸು ಹಿಡಿದು ಮರಳಿದರೆ ತೆಂಕಣ ಬಾಗಿಲು ಮುಚ್ಚಿದೆ!

"ನಿಮ್ಮದೂ ಮೂಡಣ ಬೀದಿಯಲ್ಲವೇ? ಆರು ತಿಂಗಳು ಕಾಯಿರಿ" ಎಂದ ಕಾವಲುಗಾರ.

ಪೊದೆಯಲ್ಲಿ ಹುಲಿ ಗುರುಗುಟ್ಟಿತು.

"ಅಯ್ಯೋ! ಬೀದಿಸೂಚಿ ನೋಡ್ರೋ! ನನ್ನದೊಂದೇ ಓಲೆ ತೆಗೆದು ತಿದ್ರೋ! ಗಳಿಗೆ ಕೆಲಸ!"

ಗೋಡೆಯ ಮೇಲಿಂದ ರಾಜ ಬಾಗಿ ಕೂಗಿದ. "ಗಳಿಗೆ ಕೆಲಸವೇ?!"

ರಾಜನ ಅಪ್ಪಣೆಯಂತೆ ತಿಪ್ಪವ್ವ ಬೀದಿಸೂಚಿ ಬಿಚ್ಚಿದಳು. ಲಕ್ಷದಲ್ಲಿ ಮೂಡಣದವು ಮೂರೇ ಸಾವಿರ! ಉಳಿದ ಸೂಚಿಕಟ್ಟುಗಳನ್ನು ಬದಿಗಿಟ್ಟಳು. ಎಲ್ಲ ಬರಹಗಾರರನ್ನೂ ಕೂರಿಸಿ, ಬುಟ್ಟಿಗೆ ನೂರರಂತೆ ತಿದ್ದಿಸಿದಳು. ಬುಟ್ಟಿ ಮುಗಿದಂತೆ ಬಾಗಿಲು ತೆರೆಯಿತು, ನೂರು ಮನೆಯವರು ಒಳಬಂದರು. ಮೂರನೆಯ ಬುಟ್ಟಿಗೆ ಮಗಳೂ ಕೂಸೂ ಬಂದರು. ಹೊತ್ತು ಮುಳುಗುವ ಮುಂಚೆ ಎಲ್ಲ ಮುಗಿಯಿತು. ಸೂಚಿಗಳನ್ನು ಮರುದಿನ ಒಂದೇ ಸಲಕ್ಕೆ ಬರೆದರು.

ನಂಜರಸನ ಓಲೆ ಕೊನೆಯ ಬುಟ್ಟಿಯ ತಳದಲ್ಲಿತ್ತು. ಅಲ್ಲಿಯ ತನಕ ಅವನು ಮರದ ಮೇಲಿದ್ದ. ತುಪ್ಪದೂಟ ಅಂದಿಗೇ ನಿಂತಿತು.

ಮಕ್ಕಳೇ, ಬದಲಾಗಬೇಕಾದ್ದನ್ನಷ್ಟೇ ಮುಟ್ಟಿ. ಸ್ವಲ್ಪಸ್ವಲ್ಪವಾಗಿ ಮುಗಿಸಿ. ಒಳಗೆ ಕೆಲಸ ನಡೆದಿದೆಯೆಂದು ಹೊರಗಿನವರನ್ನು ಹುಲಿಯ ಬಾಯಿಗೆ ಬಿಡಬೇಡಿ.