ಯಾರೂ ಮಾತಾಡದ ಚಾನೆಲ್

ಶಿಷ್ಯ ಮಹಾಲಿಂಗ ಕೇಳಿದ: “ಗುರುಗಳೇ, ರೇಡಿಯೋ ತರಂಗಗಳನ್ನು ಸರ್ಕಾರ ಹರಾಜು ಹಾಕುತ್ತದೆ. ಯಾರೂ ಬಳಸದೆ ಬಿದ್ದಿರುವುದನ್ನು ಹೆಚ್ಚು ಬೆಲೆ ಕೊಡುವವನಿಗೆ ಕೊಟ್ಟರೆ ಜನರಿಗೆ ಒಳ್ಳೆಯದೇ ಅಲ್ಲವೇ?”

“ಲೆಕ್ಕ ಚೆನ್ನಾಗಿಯೇ ಕಲಿತಿದ್ದೀಯ ಕಣಯ್ಯ. ಕೂತುಕೋ, ಕೇಳು,” ಎಂದು ಗುರುಗಳು ಹೇಳತೊಡಗಿದರು.

ಒಂದು ಬಂದರಿನಲ್ಲಿ ಮೀನುಗಾರರಿದ್ದರು. ಅವರ ದೋಣಿಗಳಲ್ಲೂ ಮನೆಗಳಲ್ಲೂ ವೈರ್‌ಲೆಸ್ ಇತ್ತು. ಮಾತಾಡಲು ಎರಡೇ ಚಾನೆಲ್. ಒಂದರಲ್ಲಿ ದಿನವಿಡೀ ಹರಟೆ, ಜಗಳ, ಬಲೆಯ ಸುದ್ದಿ. ಇನ್ನೊಂದರಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಅದು ಪ್ರಾಣಕ್ಕೆ ಸಂಚಕಾರ ಬಂದಾಗ ಕೂಗುವುದಕ್ಕೆ ಮಾತ್ರ. ಒಬ್ಬ ಅದರಲ್ಲಿ ಹಾಡು ಹೇಳಿದನೆಂದು ಹದಿನೈದು ದಿನ ಅವನನ್ನು ಯಾರೂ ದೋಣಿ ಹತ್ತಿಸಲಿಲ್ಲ.

ಸರ್ಕಾರದ ಅಧಿಕಾರಿಯೊಬ್ಬ ಬಂದ. ಆ ಚಾನೆಲ್‌ಗೆ ಕಿವಿಗೊಟ್ಟು ಕೂತ. ಒಂದು ಮಾತೂ ಕೇಳಿಸಲಿಲ್ಲ. ದಂಡವಾಗಿ ಬಿದ್ದಿದೆ ಎಂದು ಬರೆದುಕೊಂಡ. ಮೀನುಗಾರರನ್ನು ಒಂದು ಮಾತು ಕೇಳೋಣವೆಂದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಹರಾಜಿನಲ್ಲಿ ಒಬ್ಬ ಮೀನು ವ್ಯಾಪಾರಿ ಅದನ್ನು ಹಿಡಿದ. ಬೆಳಗಿನಿಂದ ಸಂಜೆಯವರೆಗೆ ಅವನ ಗುಮಾಸ್ತರು ಅದರಲ್ಲಿ ಪೇಟೆಯ ದರ ಕೂಗಿದರು. ಸುಳ್ಳೇಕೆ ಹೇಳಲಿ, ದರ ಎಲ್ಲರಿಗೂ ತಿಳಿದದ್ದರಿಂದ ಮೀನು ಅಗ್ಗವಾಯಿತು. ಕೊಳ್ಳುವವರು ಅಧಿಕಾರಿಯನ್ನು ಹೊಗಳಿದರು. ಮೀನುಗಾರರು ಮಾತ್ರ ಅಂದಿನಿಂದ ಹೆದರಿಕೊಂಡೇ ಕಡಲಿಗೆ ಇಳಿದರು.

ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಮೊದಲ ಚಾನೆಲ್‌ನಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರು; ಯಾವ ದೋಣಿ ಎಲ್ಲಿದೆಯೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬ ಮೀನುಗಾರನ ಹೆಂಡತಿ ಹಳೆಯ ಅಭ್ಯಾಸದಿಂದ ಎರಡನೆಯ ಚಾನೆಲ್‌ಗೆ ತಿರುಗಿಸಿದಳು. ಅಲ್ಲಿ ಬಂಗುಡೆಯ ದರ, ಬೂತಾಯಿಯ ದರ. ನಡುವೆ ಗಂಡನ ದನಿ: ‘ದೋಣಿಗೆ ನೀರು ನುಗ್ಗಿದೆ, ನಾವಿರುವುದು...’ ಮುಂದಿನದು ದರದ ಕೂಗಿನಲ್ಲಿ ಕೇಳಿಸದೆ ಹೋಯಿತು.

‘ಅಣ್ಣಾ, ಒಂದು ಗಳಿಗೆ ಸುಮ್ಮನಿರಿ. ನಮ್ಮ ಮನೆಯವರು ಎಲ್ಲಿದ್ದಾರೆ ಅಂತ ಕೇಳಿಸಿಕೊಳ್ಳಬೇಕು,’ ಎಂದು ಬೇಡಿದಳು.

‘ಯಾರಮ್ಮ ನೀನು? ಇದು ನಮ್ಮ ಧಣಿಗಳ ಚಾನೆಲ್. ಲೈನ್ ಬಿಡು,’ ಎಂದ ಗುಮಾಸ್ತ. ಮತ್ತೆ ದರ ಕೂಗಿದ.

ಅವರನ್ನು ಹುಡುಕಿ ಬರಲು ದಡದಲ್ಲಿ ಒಂದು ದೋಣಿ ಸಿದ್ಧವಾಗಿ ನಿಂತಿತ್ತು. ಯಾವ ದಿಕ್ಕಿಗೆ ಹೋಗಬೇಕೆಂದು ಗೊತ್ತಿರಲಿಲ್ಲ. ಅವಳು ಕಿವಿ ಹಚ್ಚಿ ಕೂತೇ ಇದ್ದಳು. ಸಂಜೆ ಪೇಟೆ ಮುಚ್ಚಿತು, ದರ ಕೂಗುವುದು ನಿಂತಿತು. ಆಮೇಲೆ ಆ ಚಾನೆಲ್‌ನಲ್ಲಿ ಯಾರ ದನಿಯೂ ಬರಲಿಲ್ಲ.

ಮಹಾಲಿಂಗ ಕೇಳಿದ: “ಆದರೂ ಗುರುಗಳೇ, ಅಧಿಕಾರಿ ಕಿವಿಗೊಟ್ಟಾಗ ಚಾನೆಲ್ ಖಾಲಿ ಇದ್ದದ್ದು ನಿಜವಲ್ಲವೇ?”

“ನಿಜವೇ,” ಎಂದರು ಗುರುಗಳು. “ಆಗ ಯಾರೂ ಮುಳುಗುತ್ತಿರಲಿಲ್ಲ.”