ಏಡಿ ಕಂಡ ನೀರು

ಗಣಿಯ ಕೆಂಪು ಕೆಸರನ್ನು ತಡೆದು ನಿಲ್ಲಿಸಿದ್ದ ಎತ್ತರದ ಮಣ್ಣಿನ ಕಟ್ಟೆಯೊಂದರ ಕೆಳಗೆ ಒಂದು ಊರಿತ್ತು. ಆ ಊರಿನ ಎಮ್ಮೆ ಕರಿಯವ್ವ ಹಳ್ಳದಲ್ಲಿ ಮಲಗಿದ್ದಾಗ ಏಡಿಯೊಂದು ಅವಸರದಿಂದ ಬಂತು.

"ಅವ್ವಾ, ಕಟ್ಟೆಯ ಬುಡದಲ್ಲಿ ನೀರು ಒಸರುತ್ತಿದೆ. ನಿನ್ನೆ ತಿಳಿಯಾಗಿತ್ತು, ಇವತ್ತು ಮಣ್ಣನ್ನೂ ಹೊತ್ತು ತರುತ್ತಿದೆ."

"ಅಷ್ಟು ದೊಡ್ಡ ಕಟ್ಟೆಯನ್ನು ಅಷ್ಟು ಸಣ್ಣ ನೀರು ಏನು ಮಾಡೀತು?" ಎಂದಳು ಕರಿಯವ್ವ.

"ನನ್ನ ಮಾತು ನಂಬಬೇಡ. ಬಂದು ಕಾಲಿಟ್ಟು ನೋಡು."

ಕರಿಯವ್ವ ಒಲ್ಲದ ಮನಸ್ಸಿನಿಂದ ಎದ್ದು ಹೋಗಿ ಕಾಲಿಟ್ಟಳು. ನೆಲ ಮೊಸರಿನಂತೆ ಅದುರಿತು. ಅವಳು ತಕ್ಷಣ ಏಡಿಯನ್ನು ಕೊಂಬಿನ ಮೇಲೆ ಹತ್ತಿಸಿಕೊಂಡು, ಹಿಂಡನ್ನೆಲ್ಲ ಕೂಗಿ ಎಬ್ಬಿಸಿ, ಎದುರಿನ ಗುಡ್ಡ ಹತ್ತತೊಡಗಿದಳು.

ಒಡತಿ ದ್ಯಾಮವ್ವ ಕೋಲು ಹಿಡಿದು ಅಡ್ಡ ಬಂದಳು. "ಮನಿ ಬಿಟ್ಟು ಎತ್ತ ಹೊಂಟಿ?"

"ಬೇಕಾದಷ್ಟು ಹೊಡಿ, ದ್ಯಾಮವ್ವ. ಆದರೆ ಕಟ್ಟೆ ಒಡೆಯಲಿದೆ. ಊರನ್ನೂ ಕರೆದುಕೊಂಡು ನನ್ನ ಹಿಂದೆ ಬಾ."

ಎಂದೂ ದಾರಿ ತಪ್ಪದ ಎಮ್ಮೆಯ ಮಾತು ಕೇಳಿ ದ್ಯಾಮವ್ವ ಕೋಲು ಎಸೆದು ಊರೊಳಗೆ ಓಡಿದಳು. ನಡೆಯಲಾರದ ಮುದುಕರನ್ನು ಬೆನ್ನ ಮೇಲೆ ಹೊತ್ತು, ಕೂಸುಗಳನ್ನು ಎತ್ತಿಕೊಂಡು ಜನ ಗುಡ್ಡ ಹತ್ತಿದರು.

ಎಲ್ಲರೂ ಮೇಲೆ ಬಂದು ಸೇರುವಷ್ಟರಲ್ಲಿ ಕಟ್ಟೆ ಬಾಯಿಬಿಟ್ಟಿತು. ಬೆಟ್ಟವೇ ಎದ್ದು ನಡೆದು ಬಂದಂತೆ ಕೆಂಪು ಕೆಸರು ಬಂದು, ಮನೆಗಳ ಮೇಲೆ ಹಾದು, ಹಳ್ಳವನ್ನು ಮುಚ್ಚಿತು. ಗುಡ್ಡದ ಮೇಲೆ ಕೂಸುಗಳೂ ಅಳುವುದನ್ನು ಮರೆತು ನೋಡಿದವು.

ಬಹಳ ಹೊತ್ತಿನ ಮೇಲೆ ಕರಿಯವ್ವ ಮೆಲ್ಲಗೆ ಕೇಳಿದಳು: "ಇಷ್ಟು ದೊಡ್ಡದನ್ನು ಅಷ್ಟು ಸಣ್ಣ ನೀರಿನಲ್ಲಿ ನೀನು ಹೇಗೆ ಕಂಡೆ?"

"ನನ್ನ ಮನೆ ಅಲ್ಲೇ ಇತ್ತಲ್ಲ, ಅವ್ವಾ" ಎಂದಿತು ಏಡಿ.